ಡಿಪಿಎಫ್ ದೀಪ ಹತ್ತಿದೆ, ಫಿಲ್ಟರ್ ಒಡೆಸಿಬಿಡಲೇ?

ಪ್ರಶ್ನೆ: ನನ್ನದು 2021ರ ಬಿಎಸ್6 ಡೀಸೆಲ್ ಎಸ್‌ಯುವಿ, 62,000 ಕಿ.ಮೀ. ಓಡಿದೆ. ಮೊದಲು ವಾರಕ್ಕೊಮ್ಮೆ ಬೆಂಗಳೂರು–ಹುಬ್ಬಳ್ಳಿ ಓಡಾಟವಿತ್ತು. ಒಂದು ವರ್ಷದಿಂದ ಊರೊಳಗೇ, ದಿನಕ್ಕೆ ಹೋಗಿ ಬರುವುದು ಸೇರಿ 14 ಕಿ.ಮೀ. ಮೂರು ತಿಂಗಳಿಂದ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಆಗಾಗ ಹತ್ತುತ್ತಿತ್ತು, ನಾನು ಗಮನ ಕೊಡಲಿಲ್ಲ. ಈಗ ಎಂಜಿನ್ ಲೈಟೂ ಹತ್ತಿದೆ, ಗಾಡಿಗೆ ಪಿಕಪ್ ಇಲ್ಲ. ಸರ್ವಿಸ್ ಸೆಂಟರಿನವರು ಫಿಲ್ಟರನ್ನೇ ಬದಲಿಸಬೇಕು, ಒಂದೂವರೆ ಲಕ್ಷ ಆಗುತ್ತದೆ ಎನ್ನುತ್ತಾರೆ. ಮನೆ ಹತ್ತಿರದ ಗ್ಯಾರೇಜಿನವರು ಒಳಗಿನದನ್ನು ಒಡೆದು ತೆಗೆದು, ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಕೊಡುತ್ತೇನೆ, 25 ಸಾವಿರ ಸಾಕು ಎನ್ನುತ್ತಾರೆ. ಯಾವುದು ಸರಿ? ಇನ್ನೊಂದು ವಿಷಯ: ಆಯಿಲ್ ಬದಲಿಸಿ ಐದೇ ತಿಂಗಳಾಗಿದೆ, ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ಇಳಿಯುವ ಬದಲು ಏರಿದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಕೊನೆಯಲ್ಲಿ ಬರೆದ ಆಯಿಲ್ ವಿಷಯವೇ ಈಗ ಎಲ್ಲಕ್ಕಿಂತ ಮುಖ್ಯ, ಅದರಿಂದಲೇ ಶುರು ಮಾಡೋಣ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಮಟ್ಟ ಏರಿದೆ ಎಂದರೆ ಬಹುತೇಕ ಅದರೊಳಗೆ ಡೀಸೆಲ್ ಬೆರೆತಿದೆ ಎಂದರ್ಥ. ಡಿಪ್‌ಸ್ಟಿಕ್ ಹೊರತೆಗೆದು ಮೂಸಿ ನೋಡಿ, ಎರಡು ಬೆರಳ ನಡುವೆ ಉಜ್ಜಿ ನೋಡಿ. ಡೀಸೆಲ್ ವಾಸನೆ ಇದ್ದು, ಆಯಿಲ್ ನೀರಾಗಿದ್ದರೆ, ಅಥವಾ ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ತೆಳುವಾದ ಆಯಿಲ್ ಟರ್ಬೊ ಬೇರಿಂಗನ್ನೂ ಕ್ರ್ಯಾಂಕ್ ಬೇರಿಂಗನ್ನೂ ತಿನ್ನುತ್ತದೆ. ಮಟ್ಟ ತೀರಾ ಏರಿದರೆ ಬ್ರೀದರ್ ಪೈಪಿನ ಮೂಲಕ ಆಯಿಲ್ ಇನ್‌ಟೇಕ್‌ಗೆ ಹೋಗಿ, ಎಂಜಿನ್ ತನ್ನ ಆಯಿಲನ್ನೇ ಸುಟ್ಟುಕೊಂಡು ಕೀ ತೆಗೆದರೂ ನಿಲ್ಲದೆ ಓಡಬಹುದು. ಒಂದೂವರೆ ಲಕ್ಷದ ಫಿಲ್ಟರಿಗಿಂತ ಅದು ದೊಡ್ಡ ನಷ್ಟ.

ಡೀಸೆಲ್ ಆಯಿಲ್‌ಗೆ ಹೇಗೆ ಬಂತು ಎಂಬುದು ಗೊತ್ತಾದರೆ ಫಿಲ್ಟರ್ ಯಾಕೆ ಕಟ್ಟಿಕೊಂಡಿತು ಎಂಬುದೂ ಗೊತ್ತಾಗುತ್ತದೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ರಾಡ್ನಿ ಬ್ಯಾಗ್ಲಿ, ಇರ್ವಿನ್ ಲ್ಯಾಕ್‌ಮನ್, ರೊನಾಲ್ಡ್ ಲೂಯಿಸ್ ಎಂಬ ಮೂವರು ಸೆರಾಮಿಕ್ ಮಣ್ಣನ್ನು ಅಚ್ಚಿನಲ್ಲಿ ಒತ್ತಿ, ಸಾವಿರಾರು ಸಣ್ಣ ಕಾಲುವೆಗಳಿರುವ ಜೇನುಗೂಡಿನಂಥ ಗಟ್ಟಿ ಮಾಡುವ ದಾರಿ ಕಂಡುಹಿಡಿದರು. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಒಳಗಿರುವುದು ಅದೇ ಗಟ್ಟಿ. ಅಲ್ಲಿ ಹೊಗೆ ಕಾಲುವೆಯ ಒಂದು ತುದಿಯಿಂದ ನುಗ್ಗಿ ಇನ್ನೊಂದು ತುದಿಯಿಂದ ಹೊರಬರುತ್ತದೆ. ಡೀಸೆಲ್ ಫಿಲ್ಟರ್‌ನಲ್ಲಿ ಕಾಲುವೆಗಳನ್ನು ಒಂದು ಬಿಟ್ಟು ಒಂದರಂತೆ, ಒಂದನ್ನು ಈ ತುದಿಯಲ್ಲಿ, ಪಕ್ಕದ್ದನ್ನು ಆ ತುದಿಯಲ್ಲಿ ಮುಚ್ಚಿರುತ್ತಾರೆ. ಒಳಹೋದ ಹೊಗೆಗೆ ಎದುರು ದಾರಿಯಿಲ್ಲ, ಪಕ್ಕದ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ದಾಟಬೇಕು. ಅನಿಲ ದಾಟುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ವಿಚಾರ ಇಷ್ಟು ಸರಳ, ಫಲ ಮಾತ್ರ ದೊಡ್ಡದು: ಸರಿಯಾಗಿರುವ ಫಿಲ್ಟರ್ ಕಣಗಳಲ್ಲಿ ನೂರಕ್ಕೆ 99ರಷ್ಟನ್ನು ಹಿಡಿಯುತ್ತದೆ.

ಹಿಡಿಯುವುದು ಸುಲಭ, ಹಿಡಿದದ್ದನ್ನು ಏನು ಮಾಡುವುದು ಎಂಬುದೇ ದೊಡ್ಡ ಸಮಸ್ಯೆಯಾಗಿತ್ತು. 1985ರಲ್ಲೇ ಮರ್ಸಿಡಿಸ್ ಕ್ಯಾಲಿಫೋರ್ನಿಯಾಕ್ಕೆಂದು ಡೀಸೆಲ್ ಕಾರುಗಳಿಗೆ ಫಿಲ್ಟರ್ ಹಾಕಿತ್ತಾದರೂ ಅದು ನಿಲ್ಲಲಿಲ್ಲ. ಮಸಿ ತಾನಾಗಿ ಸುಟ್ಟುಹೋಗಲು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು, ಊರೊಳಗೆ ಓಡುವ ಡೀಸೆಲ್ ಗಾಡಿಯ ಹೊಗೆ 150ರಿಂದ 250 ಡಿಗ್ರಿ ದಾಟುವುದೇ ಅಪರೂಪ. ಇದಕ್ಕೆ ಎರಡು ದಾರಿ ಸಿಕ್ಕವು. ಜಾನ್ಸನ್ ಮ್ಯಾಥಿ ಸಂಸ್ಥೆಯ ಬ್ಯಾರಿ ಕೂಪರ್ ಮತ್ತು ಸಹೋದ್ಯೋಗಿಗಳಿಗೆ 1990ರಲ್ಲಿ ಪೇಟೆಂಟ್ ಸಿಕ್ಕ ವಿಧಾನದಲ್ಲಿ, ಫಿಲ್ಟರ್‌ಗಿಂತ ಮುಂಚೆ ಪ್ಲಾಟಿನಂ ಲೇಪದ ಇನ್ನೊಂದು ಗಟ್ಟಿ ಇಟ್ಟು ಹೊಗೆಯ ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತಾರೆ. ಮಸಿಯನ್ನು ಅದು 250ರಿಂದ 400 ಡಿಗ್ರಿಯಲ್ಲೇ ತಿಂದುಹಾಕುತ್ತದೆ. ಹೆದ್ದಾರಿಯಲ್ಲಿ ನಿಮ್ಮ ಗಾಡಿಯಲ್ಲಿ ನಡೆಯುತ್ತಿದ್ದುದು ಇದೇ. ಇದಕ್ಕೆ ಗಂಧಕ ಬಹಳ ಕಡಿಮೆ ಇರುವ ಡೀಸೆಲ್ ಬೇಕು, ಇಲ್ಲವಾದರೆ ಪ್ಲಾಟಿನಂ ಗಂಧಕದ ಜೊತೆಗೇ ಕೆಲಸ ಮಾಡುತ್ತ ಕೂರುತ್ತದೆ. 2020ರ ಏಪ್ರಿಲ್ 1ರಂದು ದೇಶದೆಲ್ಲೆಡೆ ಡೀಸೆಲ್‌ನ ಗಂಧಕವನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಿಯೇ ಬಿಎಸ್6 ಹೊಗೆ ಮಾನದಂಡ ತಂದದ್ದರ ಒಂದು ಕಾರಣ ಇದು.

ಎರಡನೆಯ ದಾರಿ, ಬಿಸಿಯನ್ನು ಬೇಕೆಂದೇ ಹುಟ್ಟಿಸುವುದು. ಪೂಜೋ 607 ಕಾರು 2000ದಲ್ಲಿ ಇದನ್ನು ದಿನಬಳಕೆಗೆ ತಂದಿತು. ಅದು ಡೀಸೆಲ್‌ಗೆ ಸೀರಿಯಂ ಸೇರಿಸಿ ಮಸಿ ಸುಡುವ ತಾಪವನ್ನು ಇಳಿಸುತ್ತಿತ್ತು. ಇಂದಿನ ಹೆಚ್ಚಿನ ಗಾಡಿಗಳಲ್ಲಿ ಆ ದ್ರವ ಇಲ್ಲ. ಕಾಮನ್ ರೈಲ್ ಇಂಜೆಕ್ಟರ್ ಪಿಸ್ಟನ್ ಕೆಳಗಿಳಿದು ಉರಿ ಮುಗಿದ ಮೇಲೆ ಇನ್ನೊಂದು ಸಲ ಸ್ವಲ್ಪ ಡೀಸೆಲ್ ಚಿಮ್ಮುತ್ತದೆ, ಅದು ಸುಡದೆ ಹೊರಹೋಗಿ ಪ್ಲಾಟಿನಂ ಗಟ್ಟಿಯಲ್ಲಿ ಉರಿದು ಫಿಲ್ಟರ್‌ಗೆ 600 ಡಿಗ್ರಿ ಬಿಸಿ ಕೊಡುತ್ತದೆ. ಇದೇ ರೀಜನರೇಷನ್. ಹತ್ತಿಪ್ಪತ್ತು ನಿಮಿಷ ಬೇಕು. ನೀವು ಏಳು ಕಿ.ಮೀ. ಹೋಗಿ ಗಾಡಿ ನಿಲ್ಲಿಸಿದರೆ ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಆ ತಡವಾದ ಡೀಸೆಲ್‌ನ ಒಂದು ಪಾಲು ಸಿಲಿಂಡರ್ ಗೋಡೆಯ ಮೇಲಿಳಿದು, ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರುತ್ತದೆ. ನಿಮ್ಮ ಡಿಪ್‌ಸ್ಟಿಕ್ ಹೇಳುತ್ತಿರುವುದು ಇದನ್ನೇ: ಗಾಡಿ ತಿಂಗಳುಗಟ್ಟಲೆ ತನ್ನನ್ನು ತಾನು ಶುಚಿ ಮಾಡಿಕೊಳ್ಳಲು ನೋಡಿದೆ, ಒಂದು ಸಲವೂ ಪೂರ್ತಿಯಾಗಿಲ್ಲ.

ಹಾಗಾಗಿ ಕಟ್ಟಿಕೊಂಡ ಫಿಲ್ಟರ್ ಮೂಲರೋಗವಲ್ಲ. ಮಸಿ ಎಲ್ಲಿಂದ ಬರುತ್ತಿದೆ, ಅದು ಯಾಕೆ ಸುಡುತ್ತಿಲ್ಲ, ಈ ಎರಡಕ್ಕೆ ಉತ್ತರ ಸಿಗುವ ಮುನ್ನ ಹೊಸ ಫಿಲ್ಟರ್ ಹಾಕಿದರೆ ಅದೂ ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ನಿಮ್ಮ ವಿಷಯದಲ್ಲಿ ಓಡಾಟದ ರೀತಿ ಒಂದು ಕಾರಣ ಎಂಬುದು ಖಚಿತ. ಅದೊಂದೇ ಕಾರಣವೇ ಎಂದು ನೋಡಬೇಕು.

ಸರ್ವಿಸ್ ಸೆಂಟರಿಗೆ ಹೋದಾಗ ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಮಾತ್ರ ಓದಿ ತೀರ್ಪು ಕೊಡಲು ಬಿಡಬೇಡಿ. ಪಿ2463 ಎಂದರೆ ಮಸಿ ತುಂಬಿದೆ ಎಂದು, ಪಿ242ಎಫ್ ಎಂದರೆ ಬೂದಿ ತುಂಬಿದೆ ಎಂದು, ಪಿ2002 ಎಂದರೆ ಫಿಲ್ಟರ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಯಾವ ಕೋಡ್ ಬಂದಿದೆ ಎಂದು ಬರೆಸಿಕೊಳ್ಳಿ, ಆಮೇಲೆ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆರೆಸಿ. ಮಸಿ ಎಷ್ಟು ಗ್ರಾಂ ಎಂದು ತೋರಿಸುತ್ತಿದೆ, ಕೊನೆಯ ಪೂರ್ತಿ ರೀಜನರೇಷನ್ ಆಗಿ ಎಷ್ಟು ಕಿ.ಮೀ. ಆಯಿತು, ಅರ್ಧಕ್ಕೆ ನಿಂತವು ಎಷ್ಟು? ಸಾಮಾನ್ಯ ಓಡಾಟದಲ್ಲಿ ಕೆಲವು ನೂರು ಕಿ.ಮೀ.ಗೊಮ್ಮೆ ಪೂರ್ತಿಯಾಗಬೇಕು.

ಫಿಲ್ಟರ್‌ನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್ ಇಲ್ಲಿ ಮುಖ್ಯ ಸಾಕ್ಷಿ, ಮುಖ್ಯ ಸುಳ್ಳುಗಾರನೂ ಅದೇ ಆಗಬಹುದು. ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಅದು ಸೊನ್ನೆ ತೋರಿಸಬೇಕು. ಆಗಲೇ ಹತ್ತಿಪ್ಪತ್ತು ಮಿಲಿಬಾರ್ ತೋರಿಸುತ್ತಿದ್ದರೆ ಕೆಟ್ಟಿರುವುದು ಸೆನ್ಸರ್. ಐಡ್ಲಿಂಗ್‌ನಲ್ಲಿ ಸರಿಯಿರುವ ಫಿಲ್ಟರ್ ಕೆಲವೇ ಮಿಲಿಬಾರ್ ತೋರಿಸುತ್ತದೆ, ಆರ್‌ಪಿಎಂ ಏರಿಸಿದಂತೆ ನಿಧಾನವಾಗಿ ಏರುತ್ತದೆ. ನಿಮ್ಮ ಮಾಡೆಲ್‌ನ ನಿಖರ ಮಿತಿ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತದೆ, ಕೇಳಿ. ಸೆನ್ಸರ್‌ಗೆ ಹೋಗುವ ಎರಡು ಸಣ್ಣ ರಬ್ಬರ್ ಪೈಪುಗಳನ್ನು ಬಿಚ್ಚಿಸಿ ನೋಡಿಸಿ. ಅವು ಬಿಸಿಗೆ ಬಿರುಕು ಬಿಡುತ್ತವೆ, ಒಳಗೆ ಮಸಿ ಕಟ್ಟಿಕೊಳ್ಳುತ್ತವೆ, ಒಮ್ಮೊಮ್ಮೆ ಯಾರೋ ಅದಲುಬದಲು ಸಿಕ್ಕಿಸಿರುತ್ತಾರೆ. ಕೆಲವೇ ನೂರು ರೂಪಾಯಿಯ ಪೈಪಿನ ದೋಷಕ್ಕೆ ಲಕ್ಷದ ಫಿಲ್ಟರ್ ಬದಲಾಗುವುದು ಹೀಗೆ.

ಮಸಿ ಹೆಚ್ಚು ಹುಟ್ಟುತ್ತಿದೆಯೇ ಎಂದು ನೋಡಲು ಗಾಳಿಯ ದಾರಿಯಿಂದ ಶುರು ಮಾಡಬೇಕು. ಏರ್ ಫಿಲ್ಟರ್, ಅದರ ನಂತರ ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ದಪ್ಪ ಪೈಪು. ಪೈಪಿನ ಜೋಡಣೆಯಲ್ಲಿ ಎಣ್ಣೆ ಜಿಡ್ಡಿನ ಮೇಲೆ ಧೂಳು ಅಂಟಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಎಷ್ಟು ಬೇಕಿತ್ತು, ಎಷ್ಟು ಸಿಕ್ಕಿತು ಎಂಬುದು ಸ್ಕ್ಯಾನರ್‌ನಲ್ಲಿ ಕಾಣುತ್ತದೆ. ನಂತರ ಇಜಿಆರ್ ವಾಲ್ವ್. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಟ್ಟು ಉರಿಯ ತಾಪ ಇಳಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದು ಇದರ ಕೆಲಸ. ಊರೊಳಗಿನ ಓಡಾಟದಲ್ಲಿ ಇದಕ್ಕೂ ಮಸಿ ಕಟ್ಟುತ್ತದೆ. ಅರ್ಧ ತೆರೆದೇ ಸಿಕ್ಕಿಕೊಂಡರೆ ಎಂಜಿನ್‌ಗೆ ಆಮ್ಲಜನಕ ಸಾಲದು, ಮಸಿ ಹೆಚ್ಚುತ್ತದೆ. ಬಿಚ್ಚಿ ಶುಚಿ ಮಾಡಬಹುದು, ಹೆಚ್ಚಿನ ಖರ್ಚಿಲ್ಲ. ಕೊನೆಗೆ ಇಂಜೆಕ್ಟರ್: ನಾಲ್ಕು ಸಿಲಿಂಡರ್‌ಗಳ ಡೀಸೆಲ್ ಪ್ರಮಾಣಕ್ಕೆ ಸ್ಕ್ಯಾನರ್ ತೋರಿಸುವ ತಿದ್ದುಪಡಿ ಅಂಕಿಗಳಲ್ಲಿ ಒಂದು ಮಾತ್ರ ಉಳಿದವುಗಳಿಂದ ಬಹಳ ದೂರವಿದ್ದರೆ ಅದು ತೊಟ್ಟಿಕ್ಕುತ್ತಿರಬಹುದು. ಆಯಿಲ್‌ಗೆ ಡೀಸೆಲ್ ಬರಲು ಅದೂ ಒಂದು ದಾರಿ, ಆದ್ದರಿಂದ ನಿಮ್ಮ ಗಾಡಿಯಲ್ಲಿ ಇದನ್ನು ಬಿಡುವಂತಿಲ್ಲ.

ಮಸಿ ಯಾಕೆ ಸುಡುತ್ತಿಲ್ಲ ಎಂಬುದಕ್ಕೆ ಬಹಳ ಮಂದಿ ನೋಡದೆ ಬಿಡುವ ಕಾರಣ ಥರ್ಮೋಸ್ಟಾಟ್, ಅಂದರೆ ಕೂಲೆಂಟ್ ಹರಿವನ್ನು ತೆರೆದು ಮುಚ್ಚುವ ವಾಲ್ವ್. ಅದು ತೆರೆದೇ ಸಿಕ್ಕಿಕೊಂಡಿದ್ದರೆ ಕೂಲೆಂಟ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಜನರೇಷನ್ ಶುರುವೇ ಮಾಡುವುದಿಲ್ಲ. ಇಪ್ಪತ್ತು ನಿಮಿಷ ಓಡಿಸಿದ ಮೇಲೂ ಕೂಲೆಂಟ್ 70 ಡಿಗ್ರಿಯ ಕೆಳಗೇ ಇದ್ದರೆ ಮೊದಲು ಥರ್ಮೋಸ್ಟಾಟ್ ಬದಲಿಸಿ. ಟ್ಯಾಂಕ್ ರಿಸರ್ವ್‌ಗೆ ಬಂದಿದ್ದರೂ ಹಲವು ಗಾಡಿಗಳು ರೀಜನರೇಷನ್ ಮಾಡುವುದಿಲ್ಲ, ಐನೂರು ರೂಪಾಯಿಯ ಡೀಸೆಲ್ ಹಾಕಿಸಿಕೊಂಡು ದಿನ ದೂಡುವ ಅಭ್ಯಾಸವಿದ್ದರೆ ಬಿಡಿ. ಕಾಲುಭಾಗಕ್ಕಿಂತ ಹೆಚ್ಚು ಇರಲಿ.

ಇಷ್ಟೆಲ್ಲ ಸರಿಮಾಡಿದ ಮೇಲೆ ಫಿಲ್ಟರ್‌ನ ಸರದಿ. ಡಿಪಿಎಫ್ ದೀಪ ಒಂದೇ ಹತ್ತಿದ್ದಾಗ ಹೆದ್ದಾರಿಗೆ ಹೋಗಿ ಓಡಿಸಿದ್ದರೆ ಸಾಕಿತ್ತು. ಈಗ ಎಂಜಿನ್ ಲೈಟ್ ಹತ್ತಿ ಪಿಕಪ್ ಹೋಗಿದೆ ಎಂದರೆ ಇಸಿಯು ತಾನಾಗಿ ಸುಡುವುದನ್ನು ಕೈಬಿಟ್ಟಿದೆ. ಈ ಹಂತದಲ್ಲಿ ತುಮಕೂರು ರಸ್ತೆಯಲ್ಲಿ ಎಷ್ಟು ಓಡಿಸಿದರೂ ಪ್ರಯೋಜನವಿಲ್ಲ, ಹಾನಿ ಹೆಚ್ಚಬಹುದು. ಆಯಿಲ್ ಬದಲಿಸಿ, ಸ್ಕ್ಯಾನರ್ ಮೂಲಕ ಫೋರ್ಸ್ಡ್ ರೀಜನರೇಷನ್ ಮಾಡಿಸಬೇಕು. ಗಾಡಿ ಬಯಲಿನಲ್ಲಿ, ಸಿಮೆಂಟ್ ನೆಲದ ಮೇಲೆ ನಿಂತಿರಲಿ. ಕೆಳಗೆ ಒಣಹುಲ್ಲು, ಕಸ, ಚೆಲ್ಲಿದ ಎಣ್ಣೆ ಇರಬಾರದು. ಸೈಲೆನ್ಸರ್ ತುದಿಯ ಗಾಳಿ ಸುಡುವಷ್ಟು ಬಿಸಿಯಿರುತ್ತದೆ, ಹಿಂದೆ ಯಾರೂ ನಿಲ್ಲಬಾರದು. ಅರ್ಧ ಗಂಟೆಯವರೆಗೂ ಹಿಡಿಯಬಹುದು. ಮುಗಿದ ಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಇನ್ನೊಮ್ಮೆ ಬದಲಿಸುವುದು ಒಳ್ಳೆಯದು, ಏಕೆಂದರೆ ಈ ಕೆಲಸದಲ್ಲೂ ಡೀಸೆಲ್ ಕೆಳಗಿಳಿಯುತ್ತದೆ. ಎರಡು ಆಯಿಲ್ ಖರ್ಚು ಹೆಚ್ಚೆನಿಸಿದರೆ, ಮೊದಲ ಸಲದ ಬದಲಾವಣೆಯನ್ನು, ಮಟ್ಟ ಸರಿಯಿದ್ದು ಡೀಸೆಲ್ ವಾಸನೆ ಇಲ್ಲದಿದ್ದಾಗ ಮಾತ್ರ ಬಿಡಬಹುದು. ನಿಮ್ಮದು ಹಾಗಿಲ್ಲ.

ಮಸಿ ಒಂದು ಮಿತಿ ದಾಟಿದ್ದರೆ ಸ್ಕ್ಯಾನರ್ ಹೇಳಿದರೂ ಇಸಿಯು ಒಪ್ಪುವುದಿಲ್ಲ. ಅದನ್ನು ಮೋಸಗೊಳಿಸಿ ಸುಡಿಸಲು ಹೋಗುವ ಗ್ಯಾರೇಜುಗಳಿವೆ, ಬೇಡ. ಅಷ್ಟು ಮಸಿ ಒಟ್ಟಿಗೆ ಹೊತ್ತಿಕೊಂಡರೆ ಒಳಗಿನ ತಾಪ ಕೈಮೀರಿ ಸೆರಾಮಿಕ್ ಬಿರುಕು ಬಿಡುತ್ತದೆ. ಆಗ ನಿಜಕ್ಕೂ ಹೊಸದೇ ಗತಿ. ಅಂಥ ಸಂದರ್ಭದಲ್ಲಿ ಫಿಲ್ಟರ್ ಬಿಚ್ಚಿ ಹೊರಗೆ ಶುಚಿ ಮಾಡಿಸಬೇಕು: ತೂಕ ಮಾಡಿ, ಗಾಳಿಯನ್ನು ಹಿಂದಿನಿಂದ ಮುಂದಕ್ಕೆ ಹಾಯಿಸಿ, ಕುಲುಮೆಯಲ್ಲಿ ತಾಪವನ್ನು ನಿಧಾನವಾಗಿ ಏರಿಸಿ ಮಸಿ ಸುಟ್ಟು, ಮತ್ತೆ ಗಾಳಿ ಹಾಯಿಸಿ ಬೂದಿ ತೆಗೆದು, ಪುನಃ ತೂಕ ಮಾಡುತ್ತಾರೆ. ಎರಡು ತೂಕಗಳನ್ನೂ, ಗಾಳಿ ಹರಿವಿನ ಮುಂಚಿನ ಮತ್ತು ನಂತರದ ಅಂಕಿಗಳನ್ನೂ ಬರೆದುಕೊಡುವವರ ಹತ್ತಿರ ಮಾತ್ರ ಕೊಡಿ. ಆಸಿಡ್ ಸುರಿದು ಕಾರ್ ತೊಳೆಯುವ ಪ್ರೆಶರ್ ನೀರು ಬಿಟ್ಟರೆ ಕಪ್ಪು ನೀರು ಬೇಕಾದಷ್ಟು ಬರುತ್ತದೆ, ಅದರೊಂದಿಗೆ ಗೋಡೆಯ ಲೇಪವೂ ಹೋಗುತ್ತದೆ.

ಮಸಿ ಬೇರೆ, ಬೂದಿ ಬೇರೆ ಎಂದು ಮೇಲೆ ಹೇಳಿದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದು ಬರುವುದು ಎಂಜಿನ್ ಆಯಿಲ್‌ಗೆ ಸೇರಿಸುವ ಕ್ಯಾಲ್ಸಿಯಂ, ಸತುವಿನಂಥ ಲವಣಗಳಿಂದ. ಸಾಮಾನ್ಯವಾಗಿ ಒಂದೂವರೆ ಎರಡು ಲಕ್ಷ ಕಿ.ಮೀ. ಓಡಿದ ಮೇಲಷ್ಟೇ ಬೂದಿ ತೊಂದರೆ ಕೊಡುತ್ತದೆ. 62,000ಕ್ಕೇ ಬೂದಿ ತುಂಬಿದೆ ಎಂದು ಯಾರಾದರೂ ಹೇಳಿದರೆ, ತಪ್ಪು ಆಯಿಲ್ ಹಾಕುತ್ತಿದ್ದರೇ, ಟರ್ಬೊ ಆಯಿಲ್ ಕುಡಿಯುತ್ತಿದೆಯೇ ಎಂದು ಮೊದಲು ಕೇಳಿ. ಬಿಎಸ್6 ಡೀಸೆಲ್‌ಗೆ ಬೂದಿ ಕಡಿಮೆ ಕೊಡುವ ಆಯಿಲ್ಲೇ ಬೇಕು. ಡಬ್ಬಿಯ ಹಿಂಬದಿಯಲ್ಲಿ ಎಸಿಇಎ ಸಿ2 ಅಥವಾ ಸಿ3 ಎಂಬ ಯುರೋಪಿನ ಆಯಿಲ್ ದರ್ಜೆ ಇರುತ್ತದೆ, ನಿಮ್ಮ ಗಾಡಿಗೆ ಯಾವುದು ಎಂದು ಮ್ಯಾನುಯಲ್ ಹೇಳುತ್ತದೆ. 5ಡಬ್ಲ್ಯು-30 ಎಂಬುದು ದಪ್ಪವನ್ನು ಮಾತ್ರ ಹೇಳುತ್ತದೆ, ಬೂದಿಯನ್ನು ಹೇಳುವುದಿಲ್ಲ. "ಫುಲ್ಲಿ ಸಿಂಥೆಟಿಕ್ ಹಾಕಿದ್ದೇವೆ" ಎಂಬ ಉತ್ತರವೂ ಸಾಲದು.

ಇನ್ನು ಒಡೆಸುವ ವಿಚಾರ. ಅದನ್ನು ಮಾಡಿಸಬೇಡಿ ಎಂದು ನೇರವಾಗಿ ಹೇಳುತ್ತೇನೆ. ಬಿಎಸ್4 ಡೀಸೆಲ್ ಕಾರು ಕಿ.ಮೀ.ಗೆ 25 ಮಿಲಿಗ್ರಾಂ ಕಣ ಬಿಡಬಹುದಿತ್ತು, ಬಿಎಸ್6ನಲ್ಲಿ ಅದು 4.5. ಕಣಗಳ ಎಣಿಕೆಗೂ ಮಿತಿ ಬಂತು. ಈ ಇಳಿಕೆಯನ್ನು ತಂದದ್ದೇ ಈ ಫಿಲ್ಟರ್. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಮೊದಲ ಗುಂಪಿಗೆ ಸೇರಿಸಿದೆ. ನೀವು ಓಡಿಸುವುದು ಹೆದ್ದಾರಿಯಲ್ಲಲ್ಲ, ಶಾಲೆಗೆ ನಡೆದು ಹೋಗುವ ಮಕ್ಕಳ ಪಕ್ಕದಲ್ಲಿ, ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿದವರ ಮುಂದೆ. ಆ ಹೊಗೆ ಮೊದಲು ಹೋಗುವುದು ಅವರ ಎದೆಗೆ.

ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗುತ್ತದೆ ಎಂದು ಗ್ಯಾರೇಜಿನವರು ಹೇಳಿರಬಹುದು, ಅದು ಸುಳ್ಳಲ್ಲ. ನಮ್ಮ ಎಮಿಷನ್ ಟೆಸ್ಟ್ ಡೀಸೆಲ್ ಹೊಗೆ ಎಷ್ಟು ಕಪ್ಪಗಿದೆ ಎಂದಷ್ಟೇ ಅಳೆಯುತ್ತದೆ. ಸರಿಯಿರುವ ಕಾಮನ್ ರೈಲ್ ಎಂಜಿನ್ ಫಿಲ್ಟರ್ ಇಲ್ಲದೆಯೂ ಅದರಲ್ಲಿ ದಾಟಬಲ್ಲದು, ಕಣ್ಣಿಗೆ ಕಾಣದ ಕಣ ಅದಕ್ಕೆ ಸಿಕ್ಕುವುದಿಲ್ಲ. ಅದಕ್ಕಾಗಿಯೇ ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿಗಳು 2022–23ರಲ್ಲಿ ಸೈಲೆನ್ಸರ್ ಬಾಯಿಗೆ ಕಣ ಎಣಿಸುವ ಯಂತ್ರ ಹಿಡಿಯಲು ಶುರು ಮಾಡಿದವು. ಇಲ್ಲಿಗೂ ಅದು ಬರಬೇಕು. ಕಾನೂನಂತೂ ಈಗಲೇ ಇದೆ: ಮೋಟಾರು ವಾಹನ ಕಾಯ್ದೆಯ 190(2)ರಡಿ ಹೊಗೆ ಮಾನದಂಡ ಮುರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ತಾಂತ್ರಿಕವಾಗಿಯೂ ಲಾಭವಿಲ್ಲ. ಇಜಿಆರ್ ಸಿಕ್ಕಿಕೊಂಡಿದ್ದರೆ, ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ ಅದು ಹಾಗೆಯೇ ಉಳಿಯುತ್ತದೆ, ಎಚ್ಚರಿಸಲು ದೀಪ ಮಾತ್ರ ಇರುವುದಿಲ್ಲ. ಬೇರೆಯವರು ಬರೆದ ಸಾಫ್ಟ್‌ವೇರ್ ಹಾಕಿದ ಗಾಡಿಗೆ ವಾರಂಟಿಯೂ ಉಳಿಯದು.

ನಿಮ್ಮ ಗಾಡಿಗೆ ಡಿಇಎಫ್ (ಹೊಗೆಯ ನೈಟ್ರೋಜನ್ ಆಕ್ಸೈಡ್ ಇಳಿಸಲು ಸಿಂಪಡಿಸುವ ದ್ರವ) ಟ್ಯಾಂಕ್ ಇದ್ದರೆ ಒಂದು ಮಾತು ಸೇರಿಸಬೇಕು. ಅದು 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಗೊಬ್ಬರದ ಯೂರಿಯಾ ಕರಗಿಸಿ ಹಾಕಿದರೆ ಆಗುತ್ತದೆ ಎಂಬ ಸಲಹೆ ಹಳ್ಳಿ ಕಡೆ ಕೇಳಿಬರುತ್ತದೆ. ನಮ್ಮ ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ ಮತ್ತು ಬಯೂರೆಟ್ ಎಂಬ ಕಲ್ಮಶ ಸೇರಿ ಸಿಂಪಡಿಸುವ ನಾಜಲ್ ಕಟ್ಟುತ್ತವೆ, ಕ್ಯಾಟಲಿಸ್ಟ್ ಹಾಳಾಗುತ್ತದೆ. ಬೋರ್‌ವೆಲ್ ನೀರಿನ ಸುಣ್ಣವೂ ಅಷ್ಟೇ ಕೆಟ್ಟದ್ದು. ಐಎಸ್‌ಒ 22241 ಎಂದಿರುವ ಸೀಲಾದ ಡಬ್ಬಿ ಕೊಳ್ಳಿ, ಬಿಸಿಲಲ್ಲಿಡಬೇಡಿ, 30 ಡಿಗ್ರಿ ಮೀರಿದ ಕಡೆ ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ.

ರಿಪೇರಿ ಆದ ಮೇಲೆ ಓಡಾಟ ಬದಲಾಗಬೇಕು. ಹತ್ತು ದಿನಕ್ಕೊಮ್ಮೆಯಾದರೂ ನೆಲಮಂಗಲ ದಾಟಿ, 60ರಿಂದ 80 ಕಿ.ಮೀ. ವೇಗದಲ್ಲಿ, ಒಂದು ಗೇರ್ ಕೆಳಗಿಟ್ಟು 2,000ದಿಂದ 2,500 ಆರ್‌ಪಿಎಂನಲ್ಲಿ ಬಿಡದೆ 20–25 ನಿಮಿಷ ಓಡಿಸಿ. ನಿಂತಲ್ಲೇ ಆಕ್ಸಿಲರೇಟರ್ ಒತ್ತುವುದರಿಂದ ಆಗುವುದಿಲ್ಲ, ಎಂಜಿನ್ ಮೇಲೆ ಭಾರ ಇದ್ದರೇ ಬಿಸಿ ಹುಟ್ಟುವುದು. ಐಡ್ಲಿಂಗ್ ಎಂದಿನಿಗಿಂತ ಇನ್ನೂರರಷ್ಟು ಹೆಚ್ಚಾಗಿದೆ, ಗಾಡಿ ನಿಂತರೂ ಫ್ಯಾನ್ ಜೋರಾಗಿ ತಿರುಗುತ್ತಿದೆ, ಮೈಲೇಜ್ ಅಂಕಿ ಇದ್ದಕ್ಕಿದ್ದಂತೆ ಬಿದ್ದಿದೆ, ಬಿಸಿ ಲೋಹದ ವಾಸನೆ ಬರುತ್ತಿದೆ ಎಂದರೆ ರೀಜನರೇಷನ್ ನಡೆಯುತ್ತಿದೆ. ಮನೆ ಬಂದರೂ ಕೀ ತೆಗೆಯದೆ ಇನ್ನೊಂದು ಸುತ್ತು ಹೋಗಿಬನ್ನಿ. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ, ಆಯಿಲನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸಿ.

ದಿನಕ್ಕೆ 14 ಕಿ.ಮೀ. ಓಡಾಟವೇ ಮುಂದುವರಿಯುವುದಾದರೆ ಈ ಗಾಡಿ ನಿಮಗೆ ಸರಿಹೊಂದುವುದಿಲ್ಲ. ಪೆಟ್ರೋಲ್ ಕಾರಿನ ಕನ್ವರ್ಟರ್ ಒಂದೆರಡು ನಿಮಿಷದಲ್ಲೇ ಬಿಸಿಯಾಗಿ ಕೆಲಸ ಶುರು ಮಾಡುತ್ತದೆ, ಅದನ್ನೋ ಎಲೆಕ್ಟ್ರಿಕ್ ಅನ್ನೋ ಯೋಚಿಸಿ, ಇದನ್ನು ಹೆದ್ದಾರಿ ಓಡಾಟ ಇರುವವರಿಗೆ ಕೊಡಿ. ಕೊಳ್ಳುವವರು ಸೈಲೆನ್ಸರ್ ತುದಿಯ ಒಳಗೆ ಬಿಳಿ ಬಟ್ಟೆ ಒರೆಸಿ ನೋಡುತ್ತಾರೆ: ಫಿಲ್ಟರ್ ಸರಿಯಿರುವ ಗಾಡಿಯಲ್ಲಿ 60,000 ಕಿ.ಮೀ. ನಂತರವೂ ಬಟ್ಟೆಗೆ ಕಪ್ಪು ಮಸಿ ಅಂಟಬಾರದು. ಫೋರ್ಸ್ಡ್ ರೀಜನರೇಷನ್‌ಗೆ ಮುನ್ನ ನೀವೂ ಇದನ್ನು ಮಾಡಿ. ಈಗಾಗಲೇ ಕಪ್ಪು ಅಂಟುತ್ತಿದ್ದರೆ ಫಿಲ್ಟರ್ ಒಳಗೆ ಬಿರುಕು ಬಿಟ್ಟಿರಬೇಕು, ಆಗ ಮಾತ್ರ ಸರ್ವಿಸ್ ಸೆಂಟರಿನವರು ಹೇಳಿದಂತೆ ಹೊಸದು ಹಾಕಿಸಿ, ಅದೂ ಮೇಲಿನ ದೋಷಗಳನ್ನೆಲ್ಲ ಸರಿಪಡಿಸಿದ ನಂತರ.